ನಯೀಮನ ಹಿಡಿಕೆ

ಶಹಾಪುರ
ರವಿವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಕಸ್ತೂರವ್ವ,

ಮೊದಲು ನಿನ್ನ ಹುಬ್ಬಿನ ಗಾಯದ ಮಾತು. ಹೊಲಿಗೆ ಬಿಚ್ಚಿದ ಜಾಗದಲ್ಲಿ ತುರಿಕೆ ಎಂದು ಅವ್ವನ ಮುಂದೆ ಹೇಳಿದೆಯಂತೆ. ಗಾಯ ಮಾಯುವಾಗ ತುರಿಸುವುದು ಸಹಜ, ಉಗುರು ಮಾತ್ರ ತಾಗಿಸಬೇಡ, ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಿಂದ ಸವರು. ತಲೆ ಸಿಡಿಯುವುದು ನಿಂತಿದೆಯೇ? ಊಟ ಸೇರುತ್ತಿದೆಯೇ? ಹೈದರಾಬಾದಿನಲ್ಲಿ ಚಳಿ ಬಿದ್ದಿದ್ದರೆ ಕಿವಿಗೆ ಸ್ಕಾರ್ಫ್ ಕಟ್ಟಿಕೊ, ಆದರೆ ರಸ್ತೆ ದಾಟುವಾಗ ಬಿಚ್ಚು. ನಾವಿಬ್ಬರೂ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಇದ್ದದ್ದೇ. ಎಣ್ಣೆ ತಿಕ್ಕಿಕೊಂಡ ಕೈಯಲ್ಲೇ ಟಿವಿ ರಿಮೋಟ್ ಹಿಡಿಯುತ್ತಾಳೆ, ಅದು ಜಾರಿ ಬಿದ್ದರೆ ನನ್ನನ್ನು ಬೈಯುತ್ತಾಳೆ. ಸೀತಾಫಲ ಮುಗಿಯಿತು, ಪೇರಲ ಬಂದಿದೆ.

ಈ ಹಾಳೆಗಳ ಮೇಲೆ ಬೆರಳಿಟ್ಟ ಕೂಡಲೇ ನಿನಗೆ ಆಶ್ಚರ್ಯವಾಗಿರಬೇಕು. ನೀನು ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಬ್ರೈಲ್ ಪತ್ರ ಹಾಕುತ್ತಿದ್ದೆ. ನಿನ್ನ ಕೈಗೆ ಫೋನು ಬಂದ ಮೇಲೆ ಅದು ನಿಂತೇ ಹೋಯಿತು. ಈಗ ಹಳೆಯ ಹಲಗೆಯನ್ನು ಟ್ರಂಕಿನಿಂದ ತೆಗೆದು, ಚುಚ್ಚುವ ಮೊಳೆಯ ತುಕ್ಕು ಉಜ್ಜಿ, ಗುರುವಾರದಿಂದ ಕೂತಿದ್ದೇನೆ. ಬಲಗಡೆಯಿಂದ ಎಡಗಡೆಗೆ ಚುಚ್ಚಬೇಕೆಂಬುದು ಕೈಗೆ ನೆನಪಿದೆ, ಒತ್ತಕ್ಷರಗಳು ಮಾತ್ರ ಕೈಕೊಡುತ್ತಿವೆ. ತಪ್ಪಿದ ಚುಕ್ಕಿಗಳನ್ನು ಉಗುರಿನಿಂದ ಒತ್ತಿ ಅಡಗಿಸಿದ್ದೇನೆ, ನಿನ್ನ ಬೆರಳಿಗೆ ಅವೂ ಸಿಕ್ಕಾವು, ಬಿಟ್ಟು ಓದು. ಸಾದಾ ಕಾಗದದಲ್ಲಿ ಬರೆದಿದ್ದರೆ ಯಾರಾದರೂ ನಿನಗೆ ಓದಿ ಹೇಳಬೇಕಾಗುತ್ತಿತ್ತು, ಆ ಯಾರಾದರೂ ನಿನ್ನ ಆಫೀಸಿನ ನಯೀಮನೇ ಆಗಿರುತ್ತಿದ್ದ. ಈ ಪತ್ರವನ್ನು ನಿನಗಿಂತ ಮೊದಲು ಅವನು ಓದಬಾರದು. ಫೋನಿನಲ್ಲಿ ಹೇಳೋಣವೆಂದು ಮೂರು ಸಲ ನಂಬರ್ ಒತ್ತಿದೆ. ಮೂರು ಸಲವೂ ನೀನು "ಹಲೋ ಅಪ್ಪಾ" ಅಂದೆ, ನಾನು ಪೇರಲ ಹಣ್ಣಿನ ಸುದ್ದಿ ಹೇಳಿ ಇಟ್ಟುಬಿಟ್ಟೆ.

ಮಂಗಳವಾರ ನೀನು ಕೇಳಿದೆ: "ಅಪ್ಪಾ, ನೀ ನನ್ನ ಜೋಡಿ ಯಾಕ ಸರಿಯಾಗಿ ಮಾತಾಡವಲ್ಲಿ? ನನ್ನ ಮ್ಯಾಲ ಸಿಟ್ಟೇನು?" ಇಲ್ಲವ್ವ, ಸಿಟ್ಟಲ್ಲ. ಅದಕ್ಕೆ ಸರಿಯಾದ ಹೆಸರು ಹೊಟ್ಟೆಕಿಚ್ಚು. ಅರವತ್ತೊಂದು ವರ್ಷದ ಗಂಡಸು ಇದನ್ನು ಚುಕ್ಕಿ ಚುಕ್ಕಿ ಚುಚ್ಚಿ ಹೇಳಬೇಕಾಗಿ ಬಂದಿದೆ ನೋಡು. ಆ ಕಿಚ್ಚು ನಿನ್ನ ಮೇಲಲ್ಲ, ನಿಮ್ಮ ನಯೀಮನ ಮೇಲೆ. ಬೇರೆ ಅರ್ಥ ಮಾಡಿಕೊಳ್ಳಬೇಡ. ಅವನ ಹೆಂಡತಿ ಫರ್ಹತ ನಿನಗೂ ಸೇರಿಸಿ ಮಧ್ಯಾಹ್ನದ ಡಬ್ಬಿ ಕಟ್ಟುತ್ತಾಳೆಂದು ನೀನೇ ಹೇಳಿದ್ದೀ. ಅವರಿಬ್ಬರ ಸಂಸಾರ ಚೆನ್ನಾಗಿರಲಿ. ಅವನು ನಿನಗೆ ಸಾಮಾನು ಮಾಡಿಕೊಡುತ್ತಾನಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಆ ಕೆಲಸ ನನ್ನದಾಗಿತ್ತು.

ನಿನಗೆ ಎಂಟು ತಿಂಗಳಿದ್ದಾಗ ಸೊಲ್ಲಾಪುರದ ಡಾಕ್ಟರು ನಿನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಇದಕ್ಕೆ ಇಲಾಜು ಇಲ್ಲ ಎಂದರು. ಅವ್ವ ರೈಲಿನ ತುಂಬ ಅತ್ತಳು. ನನಗೆ ಅಳು ಬರಲಿಲ್ಲ. ಮರುದಿನ ಭೀಮರಾಯನಗುಡಿ ಕ್ಯಾಂಪಿನ ವರ್ಕ್‌ಶಾಪಿಗೆ ಹೋಗಿ, ಕಾಲುವೆ ಗೇಟಿನ ಸ್ಕ್ರೂ ರಿಪೇರಿ ಮಾಡಿದ ಮೇಲೆ ಉಳಿದ ಹಿತ್ತಾಳೆಯಲ್ಲಿ ನಿನಗೊಂದು ಗಿಲಕಿ ತಿರುವಿದೆ. ಅಲ್ಲಿಂದ ಶುರು. ನೀನು ನಡೆಯಲು ಕಲಿತಾಗ ಕ್ವಾರ್ಟರ್ಸಿನ ಬಾಗಿಲಿನಿಂದ ಹಿತ್ತಲ ನಳದವರೆಗೆ ತಂತಿ ಎಳೆದು ಅದಕ್ಕೊಂದು ಬಳೆ ಪೋಣಿಸಿದೆ. ಬಳೆ ಹಿಡಿದುಕೊಂಡು ನೀನು ಓಡುತ್ತಿದ್ದೆ, ಅವ್ವ ಅರಚುತ್ತಿದ್ದಳು, ನಾನು ನಗುತ್ತಿದ್ದೆ. ಜೋಳದ ಹಿಟ್ಟಿನ ಡಬ್ಬಿಗೆ ಒಂದು ಗೀರು, ಸಜ್ಜೆ ಹಿಟ್ಟಿಗೆ ಎರಡು, ಸಕ್ಕರೆಗೆ ಗುಂಡನೆ ಗುರುತು. ಏಳನೆಯ ವರ್ಷಕ್ಕೆ ಕೋಲು. ವೈರಿಂಗಿನ ಅಲ್ಯೂಮಿನಿಯಂ ಪೈಪಿಗೆ ನೈಲಾನ್ ತುದಿ ತಿರುವಿ ಕೂರಿಸಿದೆ. ಕಲ್ಲಿಗೆ ಬಡಿದರೆ ಒಂದು ಸದ್ದು, ಮಣ್ಣಿಗೆ ಒಂದು, ನೀರಿನ ಮೇಲಿನ ಹಲಗೆಗೆ ಮತ್ತೊಂದು. ನೀನು ಬೆಳೆದಂತೆ ಕೋಲೂ ಬೆಳೆಯಿತು. ಒಟ್ಟು ಹನ್ನೊಂದು ಮಾಡಿದ್ದೇನೆ. ವರ್ಕ್‌ಶಾಪಿನವರು "ವಿಶ್ವರಾಧ್ಯಣ್ಣ, ಗೇಟ್ ಹಾಳಾಗ್ಯಾವ, ನೀ ಇನ್ನಾ ಬಡಿಗಿ ಮಾಡಾಕತ್ತೀಯಲ್ಲೋ" ಎಂದು ನಗುತ್ತಿದ್ದರು. ನಿನ್ನ ಕಣ್ಣು ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಕೋಲು ತೋರಿಸುತ್ತಿದ್ದೆ. ಅಷ್ಟು ಸೊಕ್ಕು ನನಗಿತ್ತು.

ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ನೌಕರಿ ಸಿಕ್ಕಿತೆಂದು ಹೇಳಿದೆ. ಕಣ್ಣಿಲ್ಲದವರಿಗೆ ಸಲಕರಣೆ ಮಾಡುವ ಸಂಸ್ಥೆ, ನಿನ್ನ ಕೆಲಸ ಅವನ್ನು ಬಳಸಿ ನೋಡಿ ತಪ್ಪು ಹೇಳುವುದು. ತಪ್ಪು ತೆಗೆಯುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನನಗೆ ಹೆಮ್ಮೆಯೇ ಆಯಿತು. ಆಮೇಲೆ ಫೋನಿನಲ್ಲಿ ಆ ಹೆಸರು ಬರತೊಡಗಿತು. ನಯೀಮ ಹಿಂಗ ಕೇಳಿದ, ನಯೀಮ ಹಂಗ ಮಾಡ್ಯಾನ, ನಯೀಮ ಅಂತಾನ ನಾ ಹೇಳಿದ್ದ ಖರೇ ಅಂತ. ಒಂದು ದಿನ ಸುಮ್ಮನೆ ಎಣಿಸಿದೆ. ಹದಿನೈದು ನಿಮಿಷದಲ್ಲಿ ಹನ್ನೊಂದು ಸಲ ನಯೀಮ, ಎರಡು ಸಲ ಅಪ್ಪ, ಆ ಎರಡರಲ್ಲಿ ಒಂದು "ಇಡ್ತೀನಪ್ಪಾ" ಎಂಬುದು. ಅವನು ಯಾದಗಿರಿಯ ಹುಡುಗನೆಂದು ನೀನು ಸಂತೋಷದಿಂದ ಹೇಳಿದೆ. ದೂರದವನಾಗಿದ್ದರೂ ತಡೆದುಕೊಳ್ಳುತ್ತಿದ್ದೆ. ನಲವತ್ತು ಮೈಲಿಯೊಳಗಿನವನು ಎಂದು ಕೇಳಿದ ಮೇಲೆ ಇನ್ನಷ್ಟು ಉರಿಯಿತು.

ಈ ತಿಂಗಳ ಮೊದಲ ವಾರ ನೀವಿಬ್ಬರೂ ಮನೆಗೆ ಬಂದಿರಿ. ಅವನು ಮಾಡಿದ, ಕೋಲಿಗೆ ಕೂರಿಸುವ ಹಿಡಿಕೆಯನ್ನು ನಮ್ಮ ಸೀಮೆಯ ರಸ್ತೆಗಳಲ್ಲಿ ನಡೆದು ನೋಡಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟವನೇ ನನ್ನ ಪುಟ್ಟ ಲೇತಿನ ಹತ್ತಿರ ಹೋಗಿ ಅದನ್ನು ಸವರಿ ನೋಡಿದ. ಮೊಳೆಗೆ ತೂಗುಹಾಕಿದ್ದ ನಿನ್ನ ಹನ್ನೊಂದನೆಯ ಕೋಲನ್ನು ಕೇಳಿ ಇಳಿಸಿಕೊಂಡ. "ಕಾಕಾ, ಈ ತುದಿ ನೀವೇ ತಿರುವೀರಾ? ಮಸ್ತ್ ಅದರೀ," ಎಂದ. ಸುಳ್ಳು ಹೊಗಳಿಕೆಯಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವನು ತುದಿಯನ್ನು ನೆಲಕ್ಕೆ ಬಡಿದು, ಕಿವಿಗೊಟ್ಟು, ಕಸುಬು ಗೊತ್ತಿದ್ದವನ ಹಾಗೆ ತಲೆಯಾಡಿಸಿದ. ಆಮೇಲೆ ಕೋಲನ್ನು ನಿನ್ನ ಕೈಗೆ ಕೊಟ್ಟು ಕೇಳಿದ: "ಕಸ್ತೂರಿ, ಇದನ್ನ ದಿನಾಪೂರ್ತಿ ಹಿಡಿದ್ರ ಎಲ್ಲಿ ನೋಯ್ತದ?" ನೀನು ಒಂದು ಗಳಿಗೆಯೂ ಯೋಚಿಸದೆ ಹೇಳಿದೆ: "ಮುಂಗೈಯಾಗ. ವಜನ ಭಾಳ ಅದ. ಸಣ್ಣಾಕಿದ್ದಾಗಿಂದ ರಾತ್ರಿ ಬ್ಯಾನಿ ಬರ್ತಿತ್ತು."

ಕಸ್ತೂರವ್ವ, ನಾನು ಅಲ್ಲೇ ಮೂರು ಹೆಜ್ಜೆ ದೂರದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ನಿನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ನನ್ನ ಕೋಲುಗಳು ನಿನ್ನ ಕೈಯಲ್ಲಿದ್ದವು, ಒಂದು ದಿನವೂ ನೀನು ನನಗೆ ಹೇಳಲಿಲ್ಲ. ನನಗೆ ನೋವಾದೀತೆಂದು ಹೇಳಿರಲಿಕ್ಕಿಲ್ಲ. ಆದರೆ ನಾನೂ ಒಂದು ದಿನವೂ ಕೇಳಿರಲಿಲ್ಲ. ಅವನು ಬಂದ ಅರ್ಧ ಗಂಟೆಯಲ್ಲಿ ಕೇಳಿದ, ನೀನು ಹೇಳಿದೆ. ತಂಬಿಗೆ ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ನಿಂತೆ. ಆ ಹುಡುಗನ ತಪ್ಪು ಏನೂ ಇರಲಿಲ್ಲ, ಅದಕ್ಕೇ ಅವನನ್ನು ಕಂಡರೆ ಆಗದಂತಾಯಿತು.

ಅವನ ಹಿಡಿಕೆ ಒಳ್ಳೆಯದು. ಕಸುಬಿನವನಾಗಿ ಒಪ್ಪುತ್ತೇನೆ. ಕೋಲಿನ ತುದಿ ನೆಲದ ಸುದ್ದಿ ಹೇಳುತ್ತದೆ, ಎದೆ ಮುಖದ ಎತ್ತರಕ್ಕೆ ಅಡ್ಡ ಬರುವುದನ್ನು ಹೇಳುವುದಿಲ್ಲ. ಗಿಡದ ಕೊಂಬೆ, ಅಂಗಡಿಯ ತಗಡಿನ ಪತ್ರಾಸು, ನಿಂತ ಲಾರಿಯ ಹಿಂಭಾಗ. ಇವನ ಹಿಡಿಕೆ ಕಿವಿಗೆ ಕೇಳದ ಸಪ್ಪಳವನ್ನು ಮುಂದಕ್ಕೆ ಬಿಡುತ್ತದೆ, ಅದು ತಾಗಿ ತಿರುಗಿ ಬಂದರೆ ನಿನ್ನ ಬೆರಳಿನ ಕೆಳಗೆ ನಡುಗುತ್ತದೆ, ಹತ್ತಿರವಾದಷ್ಟೂ ಜೋರಾಗಿ. ಹಗುರ ಎಂದರೆ ಹಗುರ. ಗುರುವಾರ ನೀನು ಅದನ್ನು ಹಿಡಿದು ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೊರಟೆ. ಆ ದಾರಿಯನ್ನು ನನ್ನ ತೋಳು ಬಿಟ್ಟು ನೀನು ಎಂದೂ ನಡೆದಿರಲಿಲ್ಲ. ನಾನು ಇಪ್ಪತ್ತು ಹೆಜ್ಜೆ ಹಿಂದೆ ಬಂದೆ. ನಯೀಮ ಮೆಲ್ಲಗೆ ಹೇಳಿದ: "ಕಾಕಾ, ನೀವು ಹಿಂದ ಬರಬ್ಯಾಡ್ರಿ. ನಿಮ್ಮ ಚಪ್ಪಲಿ ಸಪ್ಪಳ ಆಕಿಗೆ ಗೊತ್ತಾಗ್ತದ, ಧೈರ್ಯ ಅದರ ಮ್ಯಾಲ ಹೋಗ್ತದ." ನೀನು ತಿರುಗಿ, "ಹೌದಪ್ಪಾ, ನೀ ಮನಿಗೆ ನಡಿ," ಎಂದೆ. ನಗುತ್ತಲೇ ಅಂದೆ. ನಾನು ಮನೆಗೆ ಬಂದು ಖಾಲಿ ಲೇತನ್ನು ಒಂದು ತಾಸು ತಿರುಗಿಸಿದೆ.

ಶುಕ್ರವಾರ ಬೆಳಗ್ಗೆ ಸುರಪುರಕ್ಕೆ ಹೋದೆವು, ಮಲ್ಲಾಬಾಯಿಯ ಮನೆಗೆ. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಗಿ ನಾಲ್ಕು ವರ್ಷ ಹೊಸ್ತಿಲು ದಾಟದಿದ್ದ ಮುದುಕಿ. ಓಣಿಯ ಗೋಡೆಗಳಿಂದ ಮುಂದೆ ಚಾಚಿದ ಕಲ್ಲುಗಳಿಗೆ ಹಣೆ ಬಡಿದು ಬಡಿದು ಅಂಜಿದ್ದಳು. ನೀನು ಅವಳ ಕೈಗೆ ಹಿಡಿಕೆ ಕೊಟ್ಟು ಹೇಳಿಕೊಟ್ಟೆ. ಒಂದು ಗಂಟೆಯಲ್ಲಿ ಅವಳು ತನ್ನ ತಂಗಿಯ ಮನೆಯ ಬಾಗಿಲು ತಾನೇ ಬಡಿದಳು. ತಂಗಿ ಹೊರಗೆ ಬಂದು ನೋಡಿ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟಳು. ಮಲ್ಲಾಬಾಯಿ ಹಿಡಿಕೆ ಮಾಡಿದವನ ಮುಖ ಸವರಿ, "ಯಾರ ಮಗನಪ್ಪ ನೀ? ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು. ನೀನು ಎದೆಯುಬ್ಬಿಸಿ, "ನಮ್ಮ ನಯೀಮ ಆಯಿ," ಎಂದೆ. ಆ "ನಮ್ಮ" ಎಂಬ ಮಾತು ನನ್ನ ಜೊತೆ ಬಸ್ಸಿನಲ್ಲಿ ಶಹಾಪುರದವರೆಗೂ ಬಂತು. ನಾನು ಮಾಡಿದ ಕೋಲನ್ನು ಹಿಡಿದು ಯಾರೂ ಯಾರ ಬಾಗಿಲನ್ನೂ ಹಾಗೆ ಬಡಿದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಅವ್ವ ಅವನಿಗೆ ಎರಡನೆಯ ಸಲ ಬದನೆಕಾಯಿ ಎಣ್ಣಗಾಯಿ ಬಡಿಸಿ, ನನ್ನನ್ನು ನೋಡಿ, "ಮಾರಿ ಯಾಕ ಸಣ್ಣದು ಮಾಡೀರಿ?" ಎಂದಳು. ಖಾರ ಹೆಚ್ಚಾಗಿದೆ ಎಂದೆ. ಖಾರ ಹೆಚ್ಚಾಗಿರಲಿಲ್ಲ.

ಶನಿವಾರದ್ದು ನಿನಗೆ ಗೊತ್ತೇ ಇದೆ. ಆದರೆ ನಾನು ಕಂಡಂತೆ ಹೇಳುತ್ತೇನೆ. ಹಿಡಿಕೆ ಹಿಡಿದು ನೀನು ನಡೆಯುವುದನ್ನು ನೋಡಲು ಯಾದಗಿರಿಯಿಂದ ನಾಲ್ವರು ಸಾಹೇಬರು ಬಂದಿದ್ದರು. ಅವರು ಒಪ್ಪಿದರೆ ಜಿಲ್ಲೆಯಲ್ಲಿ ಇನ್ನೂರು ಜನಕ್ಕೆ ಹಿಡಿಕೆ ಹಂಚುವ ಮಾತಿತ್ತು. ಮೊದಲನೆಯದು ಮಲ್ಲಾಬಾಯಿಗೆ ಎಂದು ನೀನು ಆಗಲೇ ನಿರ್ಧರಿಸಿದ್ದೆ. ನಯೀಮ ಎಲ್ಲರನ್ನೂ ರಸ್ತೆಯ ಒಂದು ಮಗ್ಗುಲಿಗೆ ನಿಲ್ಲಿಸಿ, ಯಾರೂ ಕೂಗಬಾರದು, ದಾರಿ ಹೇಳಬಾರದು ಎಂದು ಕೈಮುಗಿದು ಕೇಳಿಕೊಂಡ. ನಾನು ಚಹಾದಂಗಡಿಯ ಮುಂದೆ ನಿಂತಿದ್ದೆ. ನೀನು ಹಸಿರು ಚೂಡಿದಾರದಲ್ಲಿ ಬಂದೆ. ಪಾನ್ ಅಂಗಡಿಯ ಪತ್ರಾಸಿಗೆ ತಲೆ ಬಗ್ಗಿಸಿದೆ, ನಿಂತ ಟಂಟಂ ಗಾಡಿಯನ್ನು ಬಳಸಿ ಬಂದೆ. ಸಾಹೇಬರಲ್ಲೊಬ್ಬರು ಚಪ್ಪಾಳೆ ತಟ್ಟಲು ಹೋಗಿ ತಡೆದುಕೊಂಡರು. ಜಿನ್ನಿಂಗ್ ಮಿಲ್ಲಿನ ಓಣಿಯಲ್ಲಿ ಹತ್ತಿಯ ಟ್ರ್ಯಾಲಿಗಳು ಸಾಲಾಗಿ ನಿಂತಿದ್ದವು. ಹೆಚ್ಚು ಹತ್ತಿ ಹಿಡಿಯಲೆಂದು ಟ್ರ್ಯಾಲಿಗೆ ಬಿದಿರು ಗಳ ಅಡ್ಡ ಕಟ್ಟಿ ಎರಡೂ ಕಡೆ ಹೊರಗೆ ಹಿಗ್ಗಿಸಿ ತುಂಬುತ್ತಾರಲ್ಲ, ಆ ಹೊಟ್ಟೆ ರಸ್ತೆಯ ಮೇಲೆ ಎದೆ ಮುಖದ ಎತ್ತರಕ್ಕೆ ಬಾಗಿತ್ತು. ಕೋಲು ಅದರ ಅಡಿಯಲ್ಲಿ ಹಾದು ಹೋಯಿತು. ನೀನು ನಿಲ್ಲಲಿಲ್ಲ. ಹತ್ತಿಯೊಳಗೆ ಮುಖವಿಟ್ಟೆ, ಅದರೊಳಗಿದ್ದ ಗಳದ ತುದಿ ಹುಬ್ಬಿಗೆ ಹೊಡೆಯಿತು. ಒಂದು ಬೆರಳಗಲ ಕೆಳಗಿದ್ದರೆ, ಇಲ್ಲ, ಅದನ್ನು ಬರೆಯಲಾರೆ. ಬಿಳಿ ಹತ್ತಿಯ ಮೇಲೆ ರಕ್ತ ಕಂಡಿತು.

ನಾನು ಓಡಿದೆ. ಆದರೆ ನಯೀಮ ನನಗಿಂತ ಮೊದಲು ತಲುಪಿದ್ದ, ತನ್ನ ಕರವಸ್ತ್ರವನ್ನು ಒತ್ತಿ ಹಿಡಿದಿದ್ದ. ನಾನು ಕೈ ಚಾಚಿದೆ, ನೀನು ಅವನ ಮುಂಗೈಯನ್ನೇ ಹಿಡಿದಿದ್ದೆ, ಬಿಡಲಿಲ್ಲ. ಮಗಳ ಹಣೆಯಿಂದ ರಕ್ತ ಸುರಿಯುತ್ತಿರುವಾಗಲೂ ನಾನು ಅದನ್ನು ಗಮನಿಸಿದೆ. ಎಂಥವನಿರಬಹುದು ನಿನ್ನಪ್ಪ! ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು. ನಯೀಮ ಹೊರಗೆ ಗೋಡೆಗೆ, ಆಂಬುಲೆನ್ಸಿಗೆ, ಬೇವಿನ ಮರಕ್ಕೆ ಹಿಡಿಕೆ ತೋರಿಸಿ ತೋರಿಸಿ ನೋಡುತ್ತಿದ್ದ. ಎಲ್ಲಕ್ಕೂ ನಡುಗುತ್ತಿತ್ತು. ಒಳಗೆ ಬಂದಾಗ ಅವನ ಕಣ್ಣಲ್ಲಿ ನೀರಿತ್ತು. "ಇದರಾಗ ಏನೋ ತಪ್ಪು ಅದ ಕಸ್ತೂರಿ, ನಾ ಎಲ್ಲಾ ನಿಲ್ಲಸ್ತೀನಿ," ಎಂದ. ನೀನು ಹಾಸಿಗೆಯ ಮೇಲಿಂದಲೇ, "ಅದು ನಡುಗಿರಬೇಕು ನಯೀಮ. ನನ್ನ ಲಕ್ಷ್ಯ ಇರಲಿಲ್ಲ. ಸಾಹೇಬರು ನೋಡಾಕತ್ತಾರಂತ ಉಬ್ಬಿ ನಡದೆ. ತಪ್ಪು ನಂದು," ಎಂದೆ. ಹಿಡಿಕೆಯ ವರದಿಯಲ್ಲೂ ನೀನು ಹಾಗೆಯೇ ಬರೆಸಿದ್ದೀ ಎಂದು ಅವ್ವನಿಂದ ತಿಳಿಯಿತು.

ಮಂಗಳವಾರದ ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದೆ: "ನಡೀಬೇಕಂದ್ರ ಅಂಜಿಕಿ ಬರಾಕತ್ತದಪ್ಪ. ನನ್ನ ಬಳ್ಳಿನ ಮ್ಯಾಲ ನನಗ ನಂಬಿಕಿ ಉಳದಿಲ್ಲ. ಬಿಟ್ಟು ಬಂದುಬಿಡ್ತೀನಿ, ಸಂಕ್ರಾಂತಿಗೆ ಬಂದಾಕಿ ಅಲ್ಲೇ ಇರ್ತೀನಿ." ಬೆರಳುಗಳನ್ನು ಮೊದಲ ಸಲ ನೀನು ಬೈದದ್ದು. ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಾನು ಏನು ಮಾಡಿದೆ ಗೊತ್ತೇ? ಹೊಸ ಪೈಪು ತರಲು ಬಜಾರಿಗೆ ಹೋದೆ. ತೆಳುವಾದದ್ದು, ಹಗುರವಾದದ್ದು ಆರಿಸಿ ತಂದೆ. ಶಿಳ್ಳೆ ಹಾಕಿಕೊಂಡು ಲೇತಿಗೆ ಎಣ್ಣೆ ಬಿಟ್ಟೆ. ನನ್ನ ಮಗಳು ಮನೆಗೆ ಬರುತ್ತಾಳೆ, ಹನ್ನೆರಡನೆಯ ಕೋಲು ಮಾಡುತ್ತೇನೆ, ಮತ್ತೆ ನನ್ನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾಳೆ. ಖುಷಿಯಾಗಿದ್ದೆ ಕಸ್ತೂರವ್ವ. ನಿನ್ನ ಅಂಜಿಕೆಯಿಂದ ನನಗೆ ಖುಷಿಯಾಗಿತ್ತು.

ಆಮೇಲೆ ಗುರುವಾರ ಪೈಪಿಗೆ ಗುರುತು ಹಾಕಲು ಕೂತೆ. ಈ ಸಲ ನಿನ್ನ ಕೈ ನೋಯಬಾರದು, ಹಿಡಿಯುವ ಕಡೆ ವಜನ ಎಲ್ಲಿ ಬೀಳಬೇಕೆಂದು ನೋಡಬೇಕಿತ್ತು. ಮುಂಗೈಯ ಯಾವ ಭಾಗ ನೋಯುತ್ತಿತ್ತು, ಹೆಬ್ಬೆರಳಿನ ಬುಡವೋ, ಕಿರುಬೆರಳಿನ ಕಡೆಯ ಎಲುಬೋ? ನನಗೆ ಗೊತ್ತಿರಲಿಲ್ಲ. ಸೀಸದ ಕಡ್ಡಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ನಯೀಮನಿಗೆ ಗೊತ್ತಿತ್ತು. ಅವನು ಕೇಳಿ ಕೇಳಿ, ನಿನ್ನ ಬೆರಳು ಒಂದೊಂದನ್ನೂ ತಿಳಿದುಕೊಂಡು, ಏಳು ಸಲ ಕಿತ್ತು ಎಂಟನೆಯ ಸಲ ಕಟ್ಟಿದ ಸಾಮಾನು ಅದು. ನಾನು ನನಗೆ ಚಂದ ಕಂಡದ್ದನ್ನು ತಿರುವಿ ನಿನ್ನ ಕೈಗಿಟ್ಟೆ, ನೀನು ನನ್ನನ್ನು ನೋಯಿಸಬಾರದೆಂದು ಹಿಡಿದುಕೊಂಡು ನಡೆದೆ. ಆ ಪೈಪು ಇನ್ನೂ ಹಾಗೇ ಬಿದ್ದಿದೆ. ಆ ಗುರುವಾರವೇ ಹಲಗೆ ತೆಗೆದದ್ದು.

ಆದ್ದರಿಂದ ನೀನು ಸಂಕ್ರಾಂತಿಗೆ ಬಾ, ಸಜ್ಜೆ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಉಣ್ಣು, ಅವ್ವನ ಮೊಣಕಾಲು ತಿಕ್ಕು, ಮತ್ತೆ ಹೊರಟುಬಿಡು. ಇಲ್ಲೇ ಇರುತ್ತೇನೆ ಎಂದು ಬರಬೇಡ. ಅಪ್ಪ ಹೀಗೆಂದನಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಎಣ್ಣೆ ಹಚ್ಚಿ ತಲೆ ಬಾಚಿಕೊ ಎಂದಿದ್ದಾಳೆ. ಫರ್ಹತಳಿಗೆ ನಮ್ಮ ಸಲಾಂ. ಶರಣಬಸವೇಶ್ವರ ನಿನ್ನ ಕಾಲಿಗೆ ಬಲ, ಕಿವಿಗೆ ಚುರುಕು ಕೊಟ್ಟು ನೂರು ವರ್ಷ ನಡೆಸಲಿ.

ನಿನ್ನ ಅಪ್ಪ,
ವಿಶ್ವರಾಧ್ಯ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದೆಲ್ಲ ಖರೆ, ಆದರೆ ಪೂರ್ತಿ ಅಲ್ಲ. ಪೂರ್ತಿ ಹೇಳಲು ನಾಲ್ಕು ದಿನ ಸುತ್ತುಹಾಕಿದೆ, ಇನ್ನು ಎರಡೇ ಹಾಳೆ ಉಳಿದಿವೆ.

ತಪ್ಪು ನಿನ್ನದಲ್ಲ. ಹಿಡಿಕೆ ನಡುಗಲೇ ಇಲ್ಲ. ಇದು ನನಗೆ ಹಿಂದಿನ ದಿನವೇ ಗೊತ್ತಿತ್ತು. ಶುಕ್ರವಾರ ಊಟವಾದ ಮೇಲೆ ನೀವಿಬ್ಬರೂ ಮರುದಿನದ ದಾರಿ ನೋಡಲು ಹೋದಾಗ, ಇನ್ನೊಂದು ಹಿಡಿಕೆ ಚಾರ್ಜಿಗೆ ಹಾಕಿದ್ದು ಮನೆಯಲ್ಲಿತ್ತು. ನಾನು ಅದನ್ನು ಕಿತ್ತುಕೊಂಡು ಕಣ್ಣು ಮುಚ್ಚಿ ಹಿತ್ತಲಲ್ಲಿ ನಡೆದೆ. ಏನಾದರೂ ತಪ್ಪು ಸಿಗಲಿ ಎಂದೇ ನಡೆದದ್ದು. ಗೋಡೆಗೆ ನಡುಗಿತು, ಕಂಬಕ್ಕೆ ನಡುಗಿತು, ಅವ್ವನಿಗೂ ನಡುಗಿತು. ಅವ್ವ ಬಿಸಿಲಿಗೆ ತಂತಿಯ ಮೇಲೆ ಹಾಕಿದ್ದ ಹತ್ತಿಯ ಗಾದಿಗೆ ನಡುಗಲಿಲ್ಲ. ನನ್ನ ಮೂಗು ಗಾದಿಗೆ ಹತ್ತಿದಾಗಲೂ ಸುಮ್ಮನಿತ್ತು. ನಾಲ್ಕು ಸಲ ನೋಡಿದೆ. ಹತ್ತಿ ಸಪ್ಪಳವನ್ನು ನುಂಗುತ್ತದೆ ಕಸ್ತೂರಿ, ತಿರುಗಿ ಕಳಿಸುವುದಿಲ್ಲ. ಹೈದರಾಬಾದಿನ ನಿಮ್ಮ ಕೋಣೆಯಲ್ಲಿ ಹತ್ತಿ ಇರಲಿಲ್ಲ, ನಮ್ಮ ಊರಲ್ಲಿ ಈ ತಿಂಗಳು ಹತ್ತಿಯೇ ತುಂಬಿದೆ. ನನಗೆ ಕುಣಿಯುವಷ್ಟು ಆನಂದವಾಯಿತು. ನೀವು ತಿರುಗಿ ಬಂದಾಗ ಹಿಡಿಕೆಯನ್ನು ಮೊದಲಿದ್ದಂತೆ ಚಾರ್ಜಿಗೆ ಹಾಕಿ ಚಹಾ ಕುಡಿಯುತ್ತ ಕೂತಿದ್ದೆ. ನಯೀಮ, "ಕಾಕಾ, ನಿಮಗೇನರ ಕಮ್ಮಿ ಕಂಡ್ರ ಹೇಳ್ರಿ, ನಿಮ್ಮ ಕಣ್ಣು ಬ್ಯಾರೆ," ಎಂದ. "ಎಲ್ಲಾ ಛಲೋ ಅದ," ಎಂದೆ.

ಶನಿವಾರ ಚಹಾದಂಗಡಿಯ ಮುಂದೆ ನಿಂತು ಟ್ರ್ಯಾಲಿಯನ್ನು ನೋಡಿದೆ. ನೀನು ಬರುವುದನ್ನೂ ನೋಡಿದೆ. ಬಾಯಿ ತೆರೆದೆ. ಹತ್ತಿಯಲ್ಲವೇ, ಮೆತ್ತಗಿರುತ್ತದೆ, ಮೂಗಿಗೆ ಬಿಳಿ ಹತ್ತೀತು, ಜನ ನಕ್ಕಾರು, ಸಾಹೇಬರ ಮುಂದೆ ಅವನ ಮುಖ ಒಂದು ಸಲ ಇಳಿಯಲಿ ಎಂದು ಬಾಯಿ ಮುಚ್ಚಿದೆ. ಗಳ ಕಟ್ಟಿರುತ್ತಾರೆಂಬುದು ಗೊತ್ತಿದ್ದವನಿಗೆ ಆ ಗಳಿಗೆಯಲ್ಲಿ ಗಳ ನೆನಪಾಗಲಿಲ್ಲ. ಅವನು ಕೂಗಬಾರದು ಎಂದಿದ್ದ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. "ಕಸ್ತೂರಿ, ನಿಲ್ಲು" ಎನ್ನಲು ನನಗೆ ಹತ್ತು ಹೆಜ್ಜೆಯಷ್ಟು ಹೊತ್ತು ಇತ್ತು.

ವರದಿ ಡಿಸೆಂಬರ್ ಐದಕ್ಕೆ ಹೋಗುತ್ತದೆ ಎಂದಿದ್ದೀ. ಅದರೊಳಗೆ ತಿದ್ದಿಸು. ನನ್ನ ಮಾತಿನ ಮೇಲೆ ಬರೆಯಬೇಡ. ನೀನೇ ಒಂದು ಹತ್ತಿಯ ಗಾದಿ ತೂಗುಹಾಕಿ, ಹಿಡಿಕೆ ಹಿಡಿದು ನಿಂತು ನೋಡು. ಅದು ಸುಮ್ಮನಿರುತ್ತದೆ, ನಿನ್ನ ಬೆರಳು ಅದನ್ನೇ ಹೇಳುತ್ತವೆ, ಅವುಗಳನ್ನು ನಂಬು. ತಿದ್ದುವವರೆಗೆ ಮಲ್ಲಾಬಾಯಿಗೆ ಕೊಡಬೇಡಿ.

ಅವ್ವನಿಗೆ ಇಂದು ಬೆಳಗ್ಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಆಮೇಲೆ ಮಾತಾಡಿಲ್ಲ. ನಿನಗೂ ಮಾತಾಡಬೇಕೆನಿಸದಿದ್ದರೆ ಬೇಡ.

ಬರುವ ಶನಿವಾರ ಯಾದಗಿರಿಯಿಂದ ಬೆಳಗಿನ ರೈಲು ಹತ್ತುತ್ತೇನೆ, ಮಧ್ಯಾಹ್ನ ಹೈದರಾಬಾದಿನ ನಾಂಪಲ್ಲಿಯಲ್ಲಿ ಇಳಿಯುತ್ತೇನೆ. ಸ್ಟೇಷನ್ನಿಗೆ ನೀನು ಬರಬೇಡ. ನಯೀಮನನ್ನು ಕಳಿಸು. ಅವನಿಗೆ ಏನೂ ಹೇಳಿರಬೇಡ, ನಾನೇ ಹೇಳುತ್ತೇನೆ.